ಅಸಟೀಗ್ ದ್ವೀಪಕ್ಕೆ ಮೇ-ಜೂನ್‌ನಲ್ಲಿ ಹೋಗುವವರಿಗೆ: ಕಾಡುಕುದುರೆ, ಲಾಳದ ಏಡಿ, ಮರಳಿನ ಹಕ್ಕಿಗಳನ್ನು ನೋಡುವ ಕ್ರಮ

ಮೇ ತಿಂಗಳು ಬಂತೆಂದರೆ ವಾಷಿಂಗ್ಟನ್, ಬಾಲ್ಟಿಮೋರ್, ರಿಚ್ಮಂಡ್ ಸುತ್ತಮುತ್ತಲಿನ ಕನ್ನಡಿಗರು ಒಂದೇ ಪ್ರಶ್ನೆ ಕೇಳುತ್ತಾರೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳ ಶಾಲೆ ಮುಗಿಯುತ್ತಿದೆ, ಆ ಕಾಡುಕುದುರೆಗಳ ದ್ವೀಪಕ್ಕೆ ಹೋಗುವುದು ಹೇಗೆ? ಹೋಗಿ ಬಂದವರ ದೂರು ಕೂಡ ಹೆಚ್ಚುಕಡಿಮೆ ಒಂದೇ. ಮೂರು ಗಂಟೆ ಕಾರು ಓಡಿಸಿದೆವು, ಕುದುರೆ ಎಲ್ಲೋ ದೂರದಲ್ಲಿ ಕಂಡಿತು, ಸೊಳ್ಳೆ ಮಾತ್ರ ಬಲು ಹತ್ತಿರದಿಂದ ಕಂಡಿತು ಎನ್ನುತ್ತಾರೆ. ಇವರಲ್ಲಿ ಹೆಚ್ಚಿನವರು ಮಧ್ಯಾಹ್ನ ಹನ್ನೊಂದಕ್ಕೆ ತಲುಪಿ, ಎಲ್ಲರೂ ಕಾರು ನಿಲ್ಲಿಸುವ ಕಡೆಯೇ ನಿಲ್ಲಿಸಿ, ಸಮುದ್ರದ ಕಡೆಗೆ ಮುಖ ಮಾಡಿ ಕುಳಿತವರು. ಈ ದ್ವೀಪದ ಅರ್ಧಕ್ಕಿಂತ ಹೆಚ್ಚು ಜೀವನ ನಡೆಯುವುದು ಅವರ ಬೆನ್ನ ಹಿಂದೆ, ಹಿನ್ನೀರಿನ ಕಡೆ. ಅದೂ ಬೆಳಗ್ಗೆ ಮತ್ತು ಸಂಜೆ, ನೀರು ಏರಿಳಿಯುವ ಲೆಕ್ಕದಲ್ಲಿ.

ಮೊದಲು ಜಾಗದ ಸ್ವರೂಪ ಹೇಳಿಬಿಡುತ್ತೇನೆ. ಅಸಟೀಗ್ ಒಂದು ತಡೆದ್ವೀಪ. ಅಂದರೆ ಮುಖ್ಯ ನೆಲಕ್ಕೆ ಸಮಾನಾಂತರವಾಗಿ ಅಲೆಗಳು ಪೇರಿಸಿದ ಮರಳಿನ ಉದ್ದನೆಯ ಪಟ್ಟಿ. ಸಮುದ್ರದ ಹೊಡೆತವನ್ನು ಅದು ತಾನು ತಿಂದು ಹಿಂದಿನ ನೆಲವನ್ನು ಕಾಯುತ್ತದೆ. ಮಂಗಳೂರಿನ ಬೆಂಗರೆ, ಉಡುಪಿಯ ಕೋಡಿ ಬೆಂಗ್ರೆ ನೋಡಿದವರಿಗೆ ಚಿತ್ರ ತಟ್ಟನೆ ಹೊಳೆದೀತು: ಒಂದು ಪಕ್ಕ ತೆರೆಗಡಲು, ಇನ್ನೊಂದು ಪಕ್ಕ ಶಾಂತ ನೀರು, ನಡುವೆ ಮರಳು. ನಮ್ಮ ಬೆಂಗರೆಗಳು ಒಂದು ತುದಿಯಲ್ಲಿ ನೆಲಕ್ಕೆ ಅಂಟಿಕೊಂಡಿವೆ. ಇದು ಸುತ್ತಲೂ ನೀರಿರುವ, 37 ಮೈಲಿ ಉದ್ದದ ದ್ವೀಪ. ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ಇದನ್ನು ಹಂಚಿಕೊಂಡಿವೆ. ಉತ್ತರಕ್ಕಿರುವ ಓಷನ್ ಸಿಟಿಯ ಕಡೆಯಿಂದ ಇದು ಬೇರೆಯಾಗಿದ್ದೇ 1933ರ ಆಗಸ್ಟ್ ಚಂಡಮಾರುತ ಮರಳನ್ನು ಸೀಳಿ ಕಾಲುವೆ ತೆಗೆದಾಗ.

ಪೂರ್ವದಿಂದ ಪಶ್ಚಿಮಕ್ಕೆ ಅಡ್ಡಲಾಗಿ ನಡೆದರೆ ಕಡಲತೀರ, ಮರಳುದಿಬ್ಬ, ಕುರುಚಲು ಪೊದೆ, ಪೈನ್ ಕಾಡು, ಉಪ್ಪುನೀರಿನ ಜವುಗು, ಕೊನೆಗೆ ಹಿನ್ನೀರು ಸಿಗುತ್ತವೆ. ಪ್ರತಿ ಪ್ರಾಣಿಗೂ ಇವುಗಳಲ್ಲಿ ತನ್ನದೇ ಜಾಗವಿದೆ. ಮುಂದಿನ ಹಂತಗಳೆಲ್ಲ ಈ ಆರು ಪಟ್ಟಿಗಳ ಸುತ್ತಲೇ ಇವೆ.

1. ಯಾವ ಬಾಗಿಲು ಎಂದು ಮೊದಲು ತೀರ್ಮಾನಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ದ್ವೀಪಕ್ಕೆ ಎರಡು ಪ್ರವೇಶಗಳಿವೆ. ಉತ್ತರದ್ದು ಮೇರಿಲ್ಯಾಂಡ್ ಕಡೆ, ದಕ್ಷಿಣದ್ದು ವರ್ಜೀನಿಯಾದಲ್ಲಿ ಶಿಂಕಟೀಗ್ ಊರಿನ ಮೂಲಕ. ದ್ವೀಪದ ಒಳಗೆ ಇವೆರಡನ್ನು ಜೋಡಿಸುವ ರಸ್ತೆ ಇಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮುಖ್ಯ ನೆಲಕ್ಕೆ ಮರಳಿ, ಒಂದು ಗಂಟೆಗೂ ಹೆಚ್ಚು ಕಾರು ಓಡಿಸಬೇಕು. ಫೋನಿನ ನಕ್ಷೆಯಲ್ಲಿ ಬರೀ "ಅಸಟೀಗ್" ಎಂದು ಹಾಕಿದರೆ ಯಾವ ಕಡೆಗೆ ಕರೆದೊಯ್ಯುತ್ತದೆ ಎಂಬುದು ನಿಮ್ಮ ಅದೃಷ್ಟ.

ಕುದುರೆಗಳನ್ನು ಹತ್ತಿರದಿಂದ ನೋಡುವುದೇ ಮುಖ್ಯ ಉದ್ದೇಶವಾದರೆ ಮೇರಿಲ್ಯಾಂಡ್ ಬಾಗಿಲು. ಅಲ್ಲಿ ಅವು ರಸ್ತೆ, ಕಡಲತೀರ, ಡೇರೆ ಹಾಕುವ ಜಾಗ ಎಲ್ಲ ಕಡೆ ತಿರುಗಾಡುತ್ತವೆ. ವರ್ಜೀನಿಯಾದಲ್ಲಿ ಬೇಲಿ ಹಾಕಿದ ವಿಶಾಲ ಜವುಗಿನಲ್ಲಿ ಮೇಯುತ್ತವೆ. ನೋಡುವುದು ದೂರದಿಂದ, ದುರ್ಬೀನಿನಲ್ಲಿ. ಹಕ್ಕಿಗಳೇ ಮುಖ್ಯವಾದರೆ ವರ್ಜೀನಿಯಾ. ಆ ಭಾಗ 1943ರಿಂದ ವನ್ಯಜೀವಿ ಆಶ್ರಯತಾಣ. ಅದರ ಸಿಹಿನೀರಿನ ಕೊಳಗಳನ್ನು ಹಕ್ಕಿಗಳಿಗೆಂದೇ ನಿರ್ವಹಿಸುತ್ತಾರೆ. ಮೊದಲ ಸಲ ಹೋಗುವ ಕುಟುಂಬಕ್ಕೆ, ಅದರಲ್ಲೂ ಹಿರಿಯರು ಜೊತೆಗಿದ್ದರೆ, ನಾನು ಮೇರಿಲ್ಯಾಂಡನ್ನೇ ಸೂಚಿಸುತ್ತೇನೆ. ಒಂದೇ ದಿನದಲ್ಲಿ ಎರಡನ್ನೂ ಮುಗಿಸುವ ಹಟ ಬೇಡ.

ಮೇರಿಲ್ಯಾಂಡ್ ಸೇತುವೆ ದಾಟಿದ ಮೇಲೆ ಇನ್ನೊಂದು ಗೊಂದಲವಿದೆ. ಎದುರಿಗೆ ಸಿಗುವುದು ರಾಜ್ಯ ಸರ್ಕಾರದ ಪಾರ್ಕು, ಬಲಕ್ಕೆ ತಿರುಗಿದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಡಲತೀರ. ಎರಡಕ್ಕೂ ಪ್ರತ್ಯೇಕ ಶುಲ್ಕ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದವರು ಬಲಕ್ಕೆ ತಿರುಗಿ. ಅದು ವರ್ಜೀನಿಯಾ ಕಡೆಯೂ ನಡೆಯುತ್ತದೆ, ರಾಜ್ಯದ ಪಾರ್ಕಿನಲ್ಲಿ ನಡೆಯುವುದಿಲ್ಲ. ಸೇತುವೆಗೆ ಮೊದಲು, ಮುಖ್ಯ ನೆಲದಲ್ಲೇ ಇರುವ ಮಾಹಿತಿ ಕೇಂದ್ರದಲ್ಲಿ ಕಾಲು ಗಂಟೆ ನಿಲ್ಲಿ. ಯಾವ ತೀರ ಮುಚ್ಚಿದೆ, ಕುದುರೆಗಳು ಬೆಳಗ್ಗೆ ಎಲ್ಲಿದ್ದವು ಎಂಬುದನ್ನು ಅಲ್ಲಿನ ರೇಂಜರ್‌ಗಳು ಹೇಳುತ್ತಾರೆ.

ಸಾಕುನಾಯಿ ಇರುವವರು ಗಮನಿಸಿ: ವರ್ಜೀನಿಯಾ ಆಶ್ರಯತಾಣದಲ್ಲಿ ನಾಯಿ ಕಾರಿನೊಳಗೆ ಇದ್ದರೂ ಪ್ರವೇಶವಿಲ್ಲ. ಮೇರಿಲ್ಯಾಂಡ್ ಕಡೆ ಕೆಲವು ಭಾಗಗಳಲ್ಲಿ ಮಾತ್ರ, ಚಿಕ್ಕ ಹಗ್ಗ ಕಟ್ಟಿಕೊಂಡು ಕರೆದೊಯ್ಯಬಹುದು. ಡ್ರೋನ್ ಎರಡೂ ಕಡೆ ನಿಷಿದ್ಧ.

2. ದಿನವನ್ನು ಆರಿಸುವಾಗ ಪಂಚಾಂಗ ತೆಗೆಯಿರಿ

ಮೇ ಮಧ್ಯದಿಂದ ಜೂನ್ ಮಧ್ಯದವರೆಗಿನ ನಾಲ್ಕೈದು ವಾರ ಅತ್ಯುತ್ತಮ. ಕುದುರೆಮರಿಗಳು ಹುಟ್ಟಿರುತ್ತವೆ, ತೀರದ ಹಕ್ಕಿಗಳು ಗೂಡು ಮಾಡಿರುತ್ತವೆ, ಲಾಳದ ಏಡಿಗಳು ದಡಕ್ಕೆ ಬರುತ್ತವೆ. ಆ ಬಳಿಕ ಜವುಗಿನ ಹಸಿರುಗಣ್ಣಿನ ನೊಣಗಳು ಏಳುತ್ತವೆ. ಅವು ಕಚ್ಚುವುದಿಲ್ಲ, ಕತ್ತರಿಸುತ್ತವೆ. ಯಾವ ಮುಲಾಮಿಗೂ ಸರಿಯಾಗಿ ಹೆದರುವುದಿಲ್ಲ.

ಶಿಂಕಟೀಗ್‌ನಲ್ಲಿ ಕುದುರೆಗಳು ಕಾಲುವೆ ಈಜಿ ದಾಟುವ ಪ್ರಸಿದ್ಧ ದೃಶ್ಯ ಈ ತಿಂಗಳುಗಳಲ್ಲಿ ಸಿಗುವುದಿಲ್ಲ. ಅದು ಜುಲೈ ಕೊನೆಯ ಹೊತ್ತಿನ ಒಂದು ಬುಧವಾರ, ಭಾರೀ ಜನಜಂಗುಳಿಯ ನಡುವೆ ನಡೆಯುತ್ತದೆ.

ದಿನ ಗೊತ್ತುಮಾಡುವಾಗ ಮೂರು ವಿಷಯ ನೋಡಿ.

ಒಂದು, ತಿಥಿ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಅತಿ ದೊಡ್ಡದಿರುತ್ತದೆ, ಇಳಿತವೂ ಅಷ್ಟೇ ಆಳಕ್ಕಿರುತ್ತದೆ. ಲಾಳದ ಏಡಿಗಳು ಮೊಟ್ಟೆ ಇಡಲು ಈ ದೊಡ್ಡ ಉಬ್ಬರಕ್ಕೇ ಕಾಯುತ್ತವೆ. ಬುದ್ಧ ಪೂರ್ಣಿಮೆ, ಕಾರ ಹುಣ್ಣಿಮೆಗಳು ಸಾಮಾನ್ಯವಾಗಿ ಇದೇ ಕಾಲಕ್ಕೆ ಬೀಳುವುದರಿಂದ, ಅಡುಗೆಮನೆಯ ಗೋಡೆಗೆ ಊರಿನಿಂದ ತಂದ ಕ್ಯಾಲೆಂಡರ್ ನೇತುಹಾಕಿದವರಿಗೆ ಬೇರೆ ಪಟ್ಟಿ ಬೇಡ.

ಎರಡು, ಉಬ್ಬರ-ಇಳಿತದ ವೇಳೆ. ಸಮುದ್ರದ ಬದಿಯ ವೇಳೆಗೂ ಹಿನ್ನೀರಿನ ವೇಳೆಗೂ ವ್ಯತ್ಯಾಸವಿದೆ. ನೀರು ಕಿರಿದಾದ ಬಾಯಿಯಿಂದ ಒಳನುಗ್ಗಬೇಕಾದ್ದರಿಂದ ಹಿನ್ನೀರಿನಲ್ಲಿ ಉಬ್ಬರ ತಡವಾಗಿ ಬರುತ್ತದೆ, ಚಿಕ್ಕದಾಗಿಯೂ ಇರುತ್ತದೆ. ಓಷನ್ ಸಿಟಿಯ ಕಡಲತೀರದ ವೇಳೆ ನೋಡಿಕೊಂಡು ಹಿನ್ನೀರಿಗೆ ಹೋದರೆ ಕೆಸರು ಕಾಣಬೇಕಾದ ಕಡೆ ನೀರೇ ಕಂಡೀತು. ಸಿನೆಪಕ್ಸೆಂಟ್ ಅಥವಾ ಶಿಂಕಟೀಗ್ ಹಿನ್ನೀರಿನೊಳಗಿನ, ನಿಮ್ಮ ಜಾಗಕ್ಕೆ ಹತ್ತಿರದ ಕೇಂದ್ರದ ಪಟ್ಟಿ ತೆಗೆಯಿರಿ.

ಮೂರು, ಗಾಳಿ. ಇದನ್ನು ಯಾರೂ ನೋಡುವುದಿಲ್ಲ, ಆದರೆ ಇಡೀ ದಿನ ಕೆಡಿಸುವುದು ಇದೇ. ಗಾಳಿ ಸಮುದ್ರದಿಂದ ಬೀಸಿದರೆ ಸೊಳ್ಳೆ, ನೊಣಗಳು ಜವುಗಿನ ಕಡೆಗೇ ಒತ್ತರಿಸಿ ಉಳಿಯುತ್ತವೆ. ಪಶ್ಚಿಮದಿಂದ, ಅಂದರೆ ನೆಲದ ಕಡೆಯಿಂದ ಬೀಸಿದರೆ ಅಷ್ಟೂ ಕಡಲತೀರಕ್ಕೆ ಬರುತ್ತವೆ. ದೊಡ್ಡ ಉಬ್ಬರ ಅಥವಾ ಜೋರು ಮಳೆಯಾದ ಒಂದು ವಾರದ ಬಳಿಕ ಸೊಳ್ಳೆ ಹೆಚ್ಚು. ಜವುಗಿನ ಮಣ್ಣಿನಲ್ಲಿಟ್ಟ ಮೊಟ್ಟೆಗಳು ನೀರು ತಾಗಿದ ಮೇಲೆಯೇ ಒಡೆಯುವುದು ಇದಕ್ಕೆ ಕಾರಣ.

ಶುಕ್ರವಾರ ಸಂಜೆ ವಾಷಿಂಗ್ಟನ್ ಕಡೆಯಿಂದ ಬೇ ಬ್ರಿಜ್ ದಾಟುವ ಸಾಹಸ ಬೇಡ. ಶನಿವಾರ ನಸುಕಿನಲ್ಲಿ ಹೊರಡಿ.

3. ಗಂಟು ಕಟ್ಟುವಾಗ

ದುರ್ಬೀನು, ಕಾಲು ಪೂರ್ತಿ ಮುಚ್ಚುವ ಶೂ, ತಿಳಿಬಣ್ಣದ ಉದ್ದ ಪ್ಯಾಂಟು, ಅದನ್ನು ಒಳಗೆ ತುರುಕುವಷ್ಟು ಉದ್ದದ ಕಾಲುಚೀಲ, ಟೋಪಿ, ತಲೆಗೆ ಎರಡು ಲೀಟರಿನಂತೆ ನೀರು, ಕೆಂಪು ಬೆಳಕಿನ ಟಾರ್ಚು. ಕಡಲತೀರದಲ್ಲಿ ನೆರಳು ಎಂಬುದೇ ಇಲ್ಲ, ಆದ್ದರಿಂದ ಹಿರಿಯರಿಗೆ ಕೊಡೆ. ಮೈಗೆ ಹಚ್ಚಲು ಡೀಟ್ ಅಥವಾ ಪಿಕಾರಿಡಿನ್ ಇರುವ ಸೊಳ್ಳೆನಿವಾರಕ. ಬಟ್ಟೆ, ಶೂಗಳಿಗೆ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಹಿಂದಿನ ದಿನವೇ ಸಿಂಪಡಿಸಿ ಒಣಗಿಸಿ. ಇದನ್ನು ಚರ್ಮಕ್ಕೆ ಹಚ್ಚಬಾರದು. ದ್ವೀಪದಲ್ಲಿ ಮೊಬೈಲ್ ಸಿಗ್ನಲ್ ಕೈಕೊಡಬಹುದು, ನಕ್ಷೆ ಮತ್ತು ಉಬ್ಬರದ ಪಟ್ಟಿಯನ್ನು ಮೊದಲೇ ಇಳಿಸಿಕೊಳ್ಳಿ.

ಚಿತ್ರಾನ್ನ, ಮೊಸರನ್ನದ ಬುತ್ತಿ ಒಯ್ಯಿರಿ, ಖಂಡಿತ. ಆದರೆ ಅದು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಕಾರಿನ ಒಳಗೆ ಇರಲಿ. ಏಕೆಂದು ಐದನೇ ಹಂತದಲ್ಲಿ ಹೇಳುತ್ತೇನೆ.

ಇನ್ನೊಂದು ಗಿಡದ ಪರಿಚಯ ಬೇಕು: ಪಾಯ್ಸನ್ ಐವಿ. ಒಂದೇ ತೊಟ್ಟಿಗೆ ಮೂರು ಎಲೆ, ನಡುವಿನ ಎಲೆಗೆ ತುಸು ಉದ್ದದ ಕಾಂಡ. ದ್ವೀಪದಲ್ಲಿ ಇದು ಬಳ್ಳಿಯಾಗಿ, ಪೊದೆಯಾಗಿ ಎಲ್ಲೆಡೆ ಬೆಳೆಯುತ್ತದೆ. ಇದು ಮಾವು, ಗೇರು ಮರಗಳ ಕುಟುಂಬಕ್ಕೇ ಸೇರಿದ್ದು. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡ ಕರಾವಳಿಯವರಿಗೆ ಇದರ ಉರಿ ಎಂಥದೆಂದು ವಿವರಿಸಬೇಕಿಲ್ಲ. ಕಾಲುದಾರಿ ಬಿಟ್ಟು ಪೊದೆಗೆ ನುಗ್ಗದಿದ್ದರೆ ಸಾಕು.

4. ಬೆಳಗ್ಗೆ ಹಿನ್ನೀರಿನ ಕಡೆಯಿಂದ ಶುರು ಮಾಡಿ

ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ. ಅದೇ ಸಮಯಕ್ಕೆ ಇಳಿತವೂ ಬಿದ್ದರೆ ಭಾಗ್ಯ. ಮೇರಿಲ್ಯಾಂಡ್ ಕಡೆ ಜವುಗು, ಕಾಡು, ಮರಳುದಿಬ್ಬ ಮೂರಕ್ಕೂ ತಲಾ ಅರ್ಧ ಮೈಲಿಯಷ್ಟು ಉದ್ದದ ಕಾಲುದಾರಿಗಳಿವೆ. ಜವುಗಿನದ್ದು ಹಲಗೆ ಹಾಸಿದ ದಾರಿ, ಮೊಣಕಾಲು ನೋವಿರುವವರೂ ನಿಧಾನವಾಗಿ ಮುಗಿಸಬಹುದು.

ಹಲಗೆಯ ಅಂಚಿನಲ್ಲಿ ನಿಂತು ಕೆಳಗಿನ ಕೆಸರನ್ನು ಎರಡು ನಿಮಿಷ ಅಲುಗಾಡದೆ ನೋಡಿ. ಮೊದಲು ಬರೀ ತೂತುಗಳು. ಆಮೇಲೆ ಒಂದೊಂದು ತೂತಿನಿಂದಲೂ ಹೆಬ್ಬೆಟ್ಟಿನ ಉಗುರಿನಷ್ಟು ದೊಡ್ಡ ಪಿಟೀಲು ಏಡಿಗಳು ಹೊರಬರುತ್ತವೆ. ಗಂಡಿಗೆ ಒಂದು ಕೊಂಡಿ ಮಾತ್ರ ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತದೆ, ಚಿಕ್ಕ ಕೊಂಡಿಯಿಂದ ಕೆಸರನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಹೆಣ್ಣು ಎರಡೂ ಚಿಕ್ಕ ಕೊಂಡಿಗಳಿಂದ ಉಣ್ಣುವುದರಿಂದ ಅದರ ಊಟ ಬೇಗ ಸಾಗುತ್ತದೆ. ಹೊನ್ನಾವರದ ಕಾಂಡ್ಲಾ ಕಾಡಿನ ಹಲಗೆದಾರಿಯಲ್ಲಿ ಇವುಗಳ ಬಳಗವನ್ನು ನೋಡಿದವರಿದ್ದೀರಿ. ನಿಮ್ಮ ನೆರಳು ಬಿದ್ದೊಡನೆ ಇಡೀ ಕೆಸರು ಖಾಲಿ. ಹಾಗಾಗಿ ಬಿಸಿಲಿಗೆ ಮುಖ ಮಾಡಿ ನಿಲ್ಲಿ.

ತಲೆಯ ಮೇಲೆ ಕಿರುಚುತ್ತ, ರೆಕ್ಕೆ ಬಿಚ್ಚಿದಾಗ ಕಪ್ಪು-ಬಿಳಿ ಪಟ್ಟೆ ಹೊಳೆಯಿಸುತ್ತ ಹಾರಾಡುವ ಬೂದು ಹಕ್ಕಿ ವಿಲೆಟ್. ಹುಲ್ಲಿನಲ್ಲಿ ಗೂಡಿರುತ್ತದೆ, ನಿಮ್ಮನ್ನು ಓಡಿಸಲು ನೋಡುತ್ತಿದೆ, ಮುಂದೆ ನಡೆಯಿರಿ.

ನೀರಿನಲ್ಲಿ ನೆಟ್ಟ ಕಂಬಗಳ ಮೇಲೆ ಕಡ್ಡಿಗಳ ದೊಡ್ಡ ರಾಶಿ ಕಂಡರೆ ಅದು ಆಸ್ಪ್ರೇ ಎಂಬ ಮೀನುಗಿಡುಗದ ಗೂಡು. ಇದೇ ಜಾತಿಯ ಹಕ್ಕಿ ಚಳಿಗಾಲದಲ್ಲಿ ಉತ್ತರದ ನಾಡುಗಳಿಂದ ಕರ್ನಾಟಕದ ಜಲಾಶಯಗಳಿಗೂ ಬರುತ್ತದೆ, ಆದರೆ ನಮ್ಮಲ್ಲಿ ಅದರ ಸಂಸಾರ ನೋಡಲು ಸಿಗುವುದಿಲ್ಲ. ಇಲ್ಲಿ ಜೂನ್‌ನಲ್ಲಿ ಮರಿಗಳ ತಲೆ ಗೂಡಿನಂಚಿನಿಂದ ಇಣುಕುತ್ತದೆ. ಮೀನು ಹಿಡಿದು ಬರುವಾಗ ಗಮನಿಸಿ: ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಂಡೇ ಹಾರುತ್ತದೆ, ಗಾಳಿಯ ತಡೆ ಕಡಿಮೆಯಾಗಲೆಂದು.

ಜೂನ್‌ನಲ್ಲಿ ಹಿನ್ನೀರಿನ ಪಕ್ಕದ ರಸ್ತೆಗಳಲ್ಲಿ ಕಾರು ನಿಧಾನವಾಗಿ ಓಡಿಸಿ. ಚಿಪ್ಪಿನ ಮೇಲೆ ಉಂಗುರದೊಳಗೆ ಉಂಗುರದಂಥ ಗೆರೆಗಳಿರುವ ಡೈಮಂಡ್‌ಬ್ಯಾಕ್ ಆಮೆಗಳು ಮೊಟ್ಟೆ ಇಡಲು ಒಣ ಮರಳು ಹುಡುಕಿಕೊಂಡು ರಸ್ತೆ ದಾಟುತ್ತವೆ. ದಾಟಿಸಲೇಬೇಕಾದರೆ ಅದು ಹೊರಟಿದ್ದ ದಿಕ್ಕಿಗೇ ದಾಟಿಸಿ. ಪಾಪವೆಂದು ಮರಳಿ ನೀರಿಗೆ ಬಿಟ್ಟರೆ ಅದು ಮತ್ತೆ ಅದೇ ರಸ್ತೆಗೆ ಬರುತ್ತದೆ.

5. ಕುದುರೆಗಳು: ಒಂದು ಬಸ್ಸಿನ ದೂರ

ನಿಯಮ 40 ಅಡಿ. ಒಂದು ಬಸ್ಸಿನ ಉದ್ದ ಎಂದು ನೆನಪಿಟ್ಟುಕೊಳ್ಳಿ. ಕುದುರೆಯೇ ನಿಮ್ಮ ಕಡೆ ಬಂದರೆ ನೀವು ಹಿಂದೆ ಸರಿಯಬೇಕು.

ಎಲ್ಲಿ ನೋಡುವುದು? ತಂಪು ಬೆಳಗಿನಲ್ಲಿ ಅವು ಜವುಗಿನ ಉಪ್ಪುಹುಲ್ಲು ಮೇಯುತ್ತಿರುತ್ತವೆ, ಹಿನ್ನೀರಿನ ರಸ್ತೆಗಳಿಂದಲೇ ಕಾಣುತ್ತವೆ. ಬಿಸಿಲೇರಿ ನೊಣ ಕಾಡತೊಡಗಿದಾಗ ಗಾಳಿಗಾಗಿ ಕಡಲತೀರಕ್ಕೆ ಬಂದು ನಿಲ್ಲುತ್ತವೆ. ಬೆಳಗ್ಗೆ ಸಮುದ್ರದ ಬದಿಯಲ್ಲೂ ಮಧ್ಯಾಹ್ನ ಜವುಗಿನಲ್ಲೂ ಹುಡುಕಿದವರಿಗೆ ಸಿಗದೇ ಹೋಗುವುದು ಇದರಿಂದಲೇ. ವರ್ಜೀನಿಯಾ ಕಡೆ ಅವುಗಳ ಕಾಲಬಳಿ ಹುಳು ಹೆಕ್ಕುವ ಗೋವಕ್ಕಿಗಳೂ ಕಾಣುತ್ತವೆ, ನಮ್ಮೂರಿನ ಎಮ್ಮೆಗಳ ಹಿಂದೆ ಕಾಣುವ ಬೆಳ್ಳಕ್ಕಿಗಳ ಹತ್ತಿರದ ನೆಂಟರು.

ಹೊಟ್ಟೆ ಉಬ್ಬಿದ್ದನ್ನು ಕಂಡು ಎಲ್ಲವೂ ಗಬ್ಬವಾಗಿವೆ ಎಂದುಕೊಳ್ಳಬೇಡಿ. ಉಪ್ಪುಹುಲ್ಲು ತಿಂದು ವಿಪರೀತ ನೀರು ಕುಡಿಯುವುದರಿಂದ ಗಂಡಿನ ಹೊಟ್ಟೆಯೂ ಹಾಗೆಯೇ ಇರುತ್ತದೆ.

ಇವು ಎಲ್ಲಿಂದ ಬಂದವೆಂದು ಎಲ್ಲರೂ ಕೇಳುತ್ತಾರೆ. ಮುಳುಗಿದ ಸ್ಪೇನಿನ ಹಡಗಿನಿಂದ ಈಜಿ ಬಂದವು ಎಂಬುದು ಜನಪ್ರಿಯ ಕಥೆ. 17ನೇ ಶತಮಾನದಲ್ಲಿ ಬೇಲಿಯ ಕಾನೂನು, ಜಾನುವಾರು ತೆರಿಗೆ ತಪ್ಪಿಸಿಕೊಳ್ಳಲು ಮುಖ್ಯ ನೆಲದ ರೈತರು ಇಲ್ಲಿ ಬಿಟ್ಟ ಕುದುರೆಗಳ ಸಂತತಿ ಎಂಬುದು ಹೆಚ್ಚು ನಂಬಲರ್ಹವಾದ ವಿವರಣೆ. ಆದರೂ ಹಡಗಿನ ಕಥೆ ಪೂರ್ತಿ ಸತ್ತಿಲ್ಲ. ಹೈಟಿಯ ಹಳೆಯ ಸ್ಪ್ಯಾನಿಷ್ ಪಟ್ಟಣವೊಂದರಲ್ಲಿ ಸಿಕ್ಕ 16ನೇ ಶತಮಾನದ ಕುದುರೆಹಲ್ಲಿನ ಡಿಎನ್‌ಎಗೆ ಹತ್ತಿರದ ಸಂಬಂಧಿ ಶಿಂಕಟೀಗ್‌ನ ಕುದುರೆಗಳೆಂದು 2022ರಲ್ಲಿ ತಿಳಿದುಬಂತು. ಈಗ ರಾಜ್ಯಗಳ ಗಡಿಯಲ್ಲಿ ಬೇಲಿ ಹಾಕಿ ಎರಡು ಹಿಂಡು ಮಾಡಿದ್ದಾರೆ. ಮೇರಿಲ್ಯಾಂಡಿನ ಹಿಂಡು ಮಿತಿಮೀರದಂತೆ 1994ರಿಂದ ಹಲವು ವರ್ಷ ಹೆಣ್ಣುಗಳಿಗೆ ದೂರದಿಂದಲೇ ಗರ್ಭನಿರೋಧಕ ಲಸಿಕೆಯ ಚುಚ್ಚುಬಾಣ ಹೊಡೆಯುತ್ತಿದ್ದರು. ವರ್ಜೀನಿಯಾದ ಹಿಂಡು ಶಿಂಕಟೀಗ್‌ನ ಸ್ವಯಂಸೇವಕ ಅಗ್ನಿಶಾಮಕ ದಳದ ಸ್ವತ್ತು. ಅದಕ್ಕೆ 150 ದೊಡ್ಡ ಕುದುರೆಗಳ ಮಿತಿ.

ಈಗ ಬುತ್ತಿಯ ವಿಷಯ. ಬಾಳೆಹಣ್ಣಿನ ಸಿಪ್ಪೆಯನ್ನು ದನಕ್ಕೆ ಕೊಟ್ಟು ಬೆಳೆದವರು ನಾವು. ಎದುರಿಗೆ ಬಂದ ಪ್ರಾಣಿಗೆ ಏನನ್ನೂ ಕೊಡದೆ ತಿನ್ನುವುದು ನಮ್ಮ ಹಿರಿಯರಿಗೆ ಸಂಕಟದ ಮಾತು. ಅವರಿಗೆ ಕಾರಿನಲ್ಲೇ, ಮೊದಲೇ ತಿಳಿಸಿ ಹೇಳಿ. ಇಲ್ಲಿ ತಿನ್ನಿಸುವುದೂ ಮುಟ್ಟುವುದೂ ಅಪರಾಧ, ಮತ್ತು ಅದರ ಬೆಲೆ ತೆರುವುದು ಕುದುರೆ. ಜನರ ಊಟದ ರುಚಿ ಹತ್ತಿ, ಅದಕ್ಕಾಗಿ ಮೈಮೇಲೇ ಬರತೊಡಗಿದ ಚಿಪ್ ಎಂಬ ಗಂಡು ಕುದುರೆಯನ್ನು 2022ರಲ್ಲಿ ದ್ವೀಪದಿಂದಲೇ ತೆಗೆದು ಟೆಕ್ಸಾಸ್‌ನ ಪ್ರಾಣಿಧಾಮಕ್ಕೆ ಕಳಿಸಬೇಕಾಯಿತು. ರಸ್ತೆಬದಿಯಲ್ಲಿ ತಿಂಡಿಗಾಗಿ ನಿಲ್ಲಲು ಕಲಿತ ಕುದುರೆಗಳು ಕಾರಿಗೆ ಸಿಕ್ಕಿ ಸಾಯುತ್ತವೆ. ಐಸ್ ಪೆಟ್ಟಿಗೆ ತೆರೆಯಲು, ಡೇರೆ ಹರಿಯಲು ಅವಕ್ಕೆ ಬರುತ್ತದೆ. ಆದ್ದರಿಂದ ಊಟ ಕಾರಿನೊಳಗೆ, ಇಲ್ಲವೇ ಸುತ್ತ ಕುದುರೆ ಇಲ್ಲದ ಕಡೆ ಮಾಡಿ.

6. ಕಡಲತೀರದಲ್ಲಿ ಕಾಲಿಡುವ ಮೊದಲು

ಮರಳಿನಲ್ಲಿ ಹಗ್ಗ, ಫಲಕ ಕಂಡರೆ ಅಲ್ಲಿಗೆ ನಿಮ್ಮ ದಾರಿ ಮುಗಿಯಿತು. ಒಳಗೆ ಏನೂ ಕಾಣುವುದಿಲ್ಲ, ಸುಮ್ಮನೆ ಕಟ್ಟಿದ್ದಾರೆ ಎಂದು ದಾಟುವವರಿದ್ದಾರೆ. ಏನೂ ಕಾಣದಿರುವುದೇ ಆ ಹಕ್ಕಿಯ ಜೀವನೋಪಾಯ.

ಪೈಪಿಂಗ್ ಪ್ಲೋವರ್ ನಮ್ಮ ಟಿಟ್ಟಿಭದ ಕುಟುಂಬದ್ದು, ಅದಕ್ಕಿಂತ ಬಲು ಚಿಕ್ಕದು. ಐವತ್ತು ಅರವತ್ತು ಗ್ರಾಂ ತೂಕ. ಬೆನ್ನು ಒಣ ಮರಳಿನ ಬಣ್ಣ, ಕಾಲು ಕಿತ್ತಳೆ, ಕುತ್ತಿಗೆಗೆ ಒಂದು ಕಪ್ಪು ಪಟ್ಟಿ. ಗೂಡು ಎಂದರೆ ಮರಳಿನಲ್ಲಿ ಎದೆಯೊತ್ತಿ ಮಾಡಿದ ತಗ್ಗು, ಸುತ್ತ ನಾಲ್ಕು ಚಿಪ್ಪಿನ ಚೂರು, ಒಳಗೆ ಸಾಮಾನ್ಯವಾಗಿ ನಾಲ್ಕು ಚುಕ್ಕೆಮೊಟ್ಟೆ. ನಾಲ್ಕು ವಾರದಲ್ಲಿ ಒಡೆಯುತ್ತವೆ. ಮರಿಗಳು ಮೈ ಒಣಗಿದ ಕೆಲವೇ ಗಂಟೆಗಳಲ್ಲಿ ನೀರಿನಂಚಿಗೆ ಓಡಿ ತಮ್ಮ ಹುಳು ತಾವೇ ಹಿಡಿಯಬೇಕು. ಹಾರಲು ಇನ್ನೂ ಸುಮಾರು ನಾಲ್ಕು ವಾರ ಬೇಕು. ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ನಿಂತೊಡನೆ ಮಾಯ. ಮರಳಿನಲ್ಲಿ ವಾಹನದ ಗಾಲಿ ಮಾಡಿದ ಹಳ್ಳದಲ್ಲಿ ಅಡಗಿ ಕುಳಿತ ಮರಿ ಚಾಲಕನಿಗೆ ಕಾಣುವುದಿಲ್ಲ. ಅಟ್ಲಾಂಟಿಕ್ ತೀರದ ಈ ಹಕ್ಕಿ 1986ರಿಂದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ವರ್ಜೀನಿಯಾ ಭಾಗದ ದಕ್ಷಿಣ ತುದಿಯನ್ನು ಮಾರ್ಚ್ 15ರಿಂದ ಆಗಸ್ಟ್ ಕೊನೆಯವರೆಗೆ ಮುಚ್ಚುವುದು ಇದರ ಸಲುವಾಗಿಯೇ.

ಹಕ್ಕಿಯೊಂದು ರೆಕ್ಕೆ ಮುರಿದಂತೆ ಎಳೆಯುತ್ತ ನಿಮ್ಮ ಮುಂದೆ ಓಡಿದರೆ ಅದನ್ನು "ಕಾಪಾಡಲು" ಬೆನ್ನಟ್ಟಬೇಡಿ. ಅದು ನಟನೆ, ಗೂಡಿನಿಂದ ನಿಮ್ಮನ್ನು ದೂರ ಒಯ್ಯುತ್ತಿದೆ. ನಿಂತಲ್ಲೇ ನಿಂತು, ಕಾಲಕೆಳಗೆ ನೋಡಿಕೊಂಡು, ಬಂದ ಹೆಜ್ಜೆಗಳಲ್ಲೇ ಮರಳಿ. ಹಗ್ಗದ ಹೊರಗೆ ನಿಂತು ದುರ್ಬೀನಿನಲ್ಲಿ ನೋಡಿದರೆ ಪುಟ್ಟ ಟರ್ನ್ ಹಕ್ಕಿಗಳೂ ಸಿಗುತ್ತವೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ಗೂಡು ಕಟ್ಟುವ ರಿವರ್ ಟರ್ನ್‌ಗಳ ನೆಂಟರು. ತಲೆ ಕುಟುಕಲು ಬಂದರೆ ನೀವು ತೀರಾ ಹತ್ತಿರವಿದ್ದೀರಿ ಎಂದರ್ಥ.

ನೀರಿಗೆ ಇಳಿಯುವವರಿಗೆ ಎರಡೇ ಮಾತು. ಮೇ ತಿಂಗಳಲ್ಲಿ ನೀರು ನಡುಗಿಸುವಷ್ಟು ತಣ್ಣಗಿರುತ್ತದೆ. ದಡದಿಂದ ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕರೆ ಅದಕ್ಕೆ ಎದುರಾಗಿ ಈಜದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ.

ಮರಳುದಿಬ್ಬದ ಕಾಲುದಾರಿಯನ್ನು ಬೆಂಗಳೂರಿನವರು ತಪ್ಪಿಸಬಾರದು. ಅಲ್ಲಿ ಮರಳಿನಡಿಯಿಂದ ಒಡೆದ ಡಾಂಬರು ಇಣುಕುತ್ತದೆ. 1950ರ ದಶಕದಲ್ಲಿ ಈ ದ್ವೀಪದಲ್ಲಿ ಸಾವಿರಾರು ಸೈಟುಗಳನ್ನು ಮಾರಿ ರಸ್ತೆ ಹಾಕಿದ್ದರು. 1962ರ ಮಾರ್ಚ್ ಬಿರುಗಾಳಿ ಆ ಬಡಾವಣೆಯನ್ನು ತೊಳೆದು ಹಾಕಿತು; 1965ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಕಡಲತೀರ ಎಂದು ಘೋಷಿಸಿತು. ಸೈಟಿನ ಮೇಲೆ ಹಣ ಹಾಕಿದವರ ದುಃಖದಲ್ಲಿ ಪ್ಲೋವರ್‌ಗೆ ಮನೆ ಉಳಿಯಿತು.

7. ಸಂಜೆ: ಲಾಳದ ಏಡಿಗಳು

ಹೆಸರಿಗೆ ಏಡಿ, ಸಂಬಂಧ ಜೇಡ ಮತ್ತು ಚೇಳುಗಳ ಜೊತೆ. ಬೋರಲು ಹಾಕಿದ ಬಾಣಲೆಗೆ ಮುಳ್ಳಿನ ಬಾಲ ಸಿಕ್ಕಿಸಿದ ಹಾಗಿರುವ ಈ ಜೀವಿಯ ಪೂರ್ವಜರು 40 ಕೋಟಿ ವರ್ಷಕ್ಕೂ ಹಿಂದಿನ ಕಲ್ಲುಗಳಲ್ಲಿ ಸಿಕ್ಕಿದ್ದಾರೆ. ಭಾರತದಲ್ಲೂ ಇವುಗಳ ಎರಡು ಜಾತಿಗಳು ಒಡಿಶಾ, ಬಂಗಾಳದ ತೀರದಲ್ಲಿವೆ. ನಮ್ಮ ಪಶ್ಚಿಮ ಕರಾವಳಿಯವರಿಗೆ ಅಪರಿಚಿತ.

ಹಿನ್ನೀರಿನ ಮರಳುದಡಕ್ಕೆ ಸಂಜೆಯ ಉಬ್ಬರ ತುಂಬುವ ಹೊತ್ತಿಗೆ ಹೋಗಿ. ದೊಡ್ಡದು ಹೆಣ್ಣು, ಅದರ ಹಿಂಬದಿಗೆ ಗಂಡು ಕೊಂಡಿ ಹಾಕಿ ಜೋತುಬಿದ್ದಿರುತ್ತದೆ, ಸುತ್ತ ಇನ್ನಷ್ಟು ಗಂಡುಗಳು ನೂಕಾಡುತ್ತವೆ. ಹೆಣ್ಣು ಮರಳು ತೋಡಿ ಸಾಸಿವೆಗಿಂತ ಸ್ವಲ್ಪವೇ ದೊಡ್ಡ ಹಸಿರು ಮೊಟ್ಟೆಗಳನ್ನು ಸಾವಿರಗಟ್ಟಲೆ ಇಡುತ್ತದೆ. ಕೆಂಪು ಬೆಳಕು ಮಾತ್ರ ಬಳಸಿ. ಕಾಲನ್ನು ಎತ್ತಿಡದೆ ಮರಳಿನ ಮೇಲೆ ಜಾರಿಸುತ್ತ ನಡೆಯಿರಿ.

ಅಲೆಯ ಹೊಡೆತಕ್ಕೆ ಬೆನ್ನಡಿಯಾಗಿ ಬಿದ್ದು ಕಾಲಾಡಿಸುವ ಏಡಿಗಳು ಕಾಣುತ್ತವೆ. ಹಾಗೆಯೇ ಬಿಟ್ಟರೆ ಬೆಳಗಿನ ಬಿಸಿಲಿಗೆ ಒಣಗಿಯೋ ಹಕ್ಕಿಗೆ ಸಿಕ್ಕಿಯೋ ಸಾಯುತ್ತವೆ. ಇವನ್ನು ತಿರುಗಿಸಬಹುದು, ಮಕ್ಕಳೂ ಮಾಡಬಹುದು. ಚಿಪ್ಪಿನ ಒಂದು ಪಕ್ಕದ ಅಂಚಿಗೆ ಬೆರಳು ಕೊಟ್ಟು ಮೆಲ್ಲಗೆ ಮಗುಚಿ, ಅಷ್ಟೇ. ಬಾಲ ಹಿಡಿದು ಎತ್ತಬಾರದು: ಬಾಲದ ಕೀಲು ಮುರಿದರೆ ಮುಂದೆಂದೂ ತಾನಾಗಿ ಮಗುಚಿಕೊಳ್ಳಲಾರದು. ಬಾಲ ಚುಚ್ಚುವುದಿಲ್ಲ, ವಿಷವಿಲ್ಲ, ಕೊಂಡಿಗೆ ಕಚ್ಚುವ ಬಲವಿಲ್ಲ. ಇದರ ರಕ್ತ ನೀಲಿ, ಏಕೆಂದರೆ ಕಬ್ಬಿಣದ ಬದಲು ತಾಮ್ರವಿದೆ. ಚುಚ್ಚುಮದ್ದುಗಳಲ್ಲಿ ಬ್ಯಾಕ್ಟೀರಿಯಾದ ವಿಷ ಸೇರಿದೆಯೇ ಎಂದು ಪರೀಕ್ಷಿಸಲು ದಶಕಗಳಿಂದ ಬಳಕೆಯಲ್ಲಿರುವುದು ಈ ರಕ್ತದಿಂದ ತಯಾರಿಸಿದ ದ್ರವ.

ಅಸಟೀಗ್‌ನಲ್ಲಿ ಕಾಣುವುದು ಅಲ್ಲೊಂದು ಇಲ್ಲೊಂದು ಗುಂಪು. ಇಡೀ ದಡ ಚಿಪ್ಪಿನಿಂದ ಮುಚ್ಚಿಹೋಗುವ ನೋಟ ಬೇಕಾದರೆ ಉತ್ತರಕ್ಕೆ ಡೆಲವೇರ್ ಕೊಲ್ಲಿಯ ಸ್ಲಾಟರ್ ಬೀಚ್ ಅಥವಾ ಪಿಕರಿಂಗ್ ಬೀಚ್‌ಗೆ ಹೋಗಿ, ಒಂದೆರಡು ಗಂಟೆಯ ದಾರಿ. ಮೇ ಕೊನೆಯಲ್ಲಾದರೆ ಹಗಲಿನಲ್ಲಿ ರೆಡ್ ನಾಟ್ ಹಕ್ಕಿಗಳೂ ಸಿಗುತ್ತವೆ. ದಕ್ಷಿಣ ಅಮೆರಿಕದ ತುತ್ತತುದಿಯವರೆಗೂ ಹೋಗಿ ಚಳಿಗಾಲ ಕಳೆದು, ಉತ್ತರ ಧ್ರುವದ ಕಡೆಗೆ ಹೊರಟ ಇವು ಇಲ್ಲಿಳಿದು, ಎರಡು ವಾರದಷ್ಟರಲ್ಲಿ ಏಡಿಮೊಟ್ಟೆ ತಿಂದು ತೂಕವನ್ನು ಸುಮಾರು ಇಮ್ಮಡಿ ಮಾಡಿಕೊಳ್ಳುತ್ತವೆ. ಅವು ಮೇಯುವಾಗ ಫೋಟೋಕ್ಕಾಗಿ ಎಬ್ಬಿಸಿ ಹಾರಿಸಬೇಡಿ; ಹಾರಿಸಿದ ಪ್ರತಿ ಸಲವೂ ಪ್ರಯಾಣದ ಕೊಬ್ಬು ಖರ್ಚಾಗುತ್ತದೆ.

8. ವರ್ಜೀನಿಯಾ ಕಡೆ ಹೋದವರಿಗೆ

ಕೊಳದ ಸುತ್ತಲಿನ ಮೂರು ಮೈಲಿಗಿಂತ ತುಸು ಹೆಚ್ಚಿನ ಸುತ್ತುದಾರಿ ಮಧ್ಯಾಹ್ನ 3ರವರೆಗೆ ನಡೆಯುವವರಿಗೆ ಮತ್ತು ಸೈಕಲ್ಲಿಗೆ ಮಾತ್ರ. ಆ ನಂತರ ಕಾರುಗಳಿಗೂ ಬಿಡುತ್ತಾರೆ. ನಡೆಯಲಾಗದ ಹಿರಿಯರಿದ್ದರೆ 3 ಗಂಟೆಗೆ ಸರಿಯಾಗಿ ಹೋಗಿ, ಕಾರಿನೊಳಗೇ ಕುಳಿತು ಬೆಳ್ಳಕ್ಕಿ, ಐಬಿಸ್‌ಗಳನ್ನು ನೋಡಬಹುದು. ಪೈನ್ ಕಾಡಿನಲ್ಲಿ ಬೆಳ್ಳಿಬೂದು ಬಣ್ಣದ, ದಪ್ಪ ಬಾಲದ ದೊಡ್ಡ ಅಳಿಲು ನೆಲದ ಮೇಲೆ ಓಡಾಡುತ್ತಿದ್ದರೆ ಅದು ಡೆಲ್ಮಾರ್ವಾ ಫಾಕ್ಸ್ ಅಳಿಲು. 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿ, 2015ರಲ್ಲಿ ಚೇತರಿಸಿಕೊಂಡು ಹೊರಬಂದ ಪ್ರಾಣಿ. ಮರದ ಮರೆಯಲ್ಲಿ ಚುಕ್ಕೆ ಜಿಂಕೆಯಂಥದ್ದು ಕಂಡರೆ ನಮ್ಮ ಚುಕ್ಕೆ ಜಿಂಕೆ ಅಲ್ಲ. 1920ರ ದಶಕದಲ್ಲಿ ಇಲ್ಲಿಗೆ ತಂದು ಬಿಟ್ಟ, ಪೂರ್ವ ಏಷ್ಯಾ ಮೂಲದ ಸಿಕಾ. ಊರಿನ ಕಡೆಯ ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭ 1867ರದ್ದು, 142 ಅಡಿ ಎತ್ತರ. ಹತ್ತಲು ಬಿಟ್ಟ ದಿನವಾದರೆ ಮೇಲಿನಿಂದ ಮೊದಲು ಹೇಳಿದ ಆರು ಪಟ್ಟಿಗಳೂ ಒಟ್ಟಿಗೆ ಕಾಣುತ್ತವೆ.

9. ಮನೆಗೆ ಬಂದ ರಾತ್ರಿ: ಉಣುಗು ಹುಡುಕುವುದು

ಮಲೆನಾಡಿನ ಮಂಗನ ಕಾಯಿಲೆ ಗೊತ್ತಿರುವವರಿಗೆ ಉಣುಗಿನ ಭಯ ಹೊಸದಲ್ಲ. ಇಲ್ಲಿನ ಜಿಂಕೆ ಉಣುಗು ಲೈಮ್ ಎಂಬ ಕಾಯಿಲೆ ಹರಡುತ್ತದೆ. ಬೆನ್ನಿನಲ್ಲಿ ಬಿಳಿ ಚುಕ್ಕೆಯಿರುವ ಲೋನ್ ಸ್ಟಾರ್ ಉಣುಗು ಕಚ್ಚಿದ ಕೆಲವರಿಗೆ ಮಾಂಸದ ಅಲರ್ಜಿ ಅಂಟಿಕೊಳ್ಳುತ್ತದೆ. ಸಸ್ಯಾಹಾರಿಗಳು ನಿಶ್ಚಿಂತರಾಗಬೇಡಿ, ಕೆಲವರಿಗೆ ಹಾಲು-ಮೊಸರೂ ಆಗದೆ ಹೋಗಬಹುದು.

ಬಟ್ಟೆಗಳನ್ನು ಒಗೆಯುವ ಮೊದಲು ಡ್ರೈಯರ್‌ನ ಜೋರು ಶಾಖದಲ್ಲಿ ಹತ್ತು ನಿಮಿಷ ತಿರುಗಿಸಿ; ಬರೀ ನೀರಿಗೆ ಉಣುಗು ಸಾಯುವುದಿಲ್ಲ. ಸ್ನಾನ ಮಾಡುವಾಗ ಮಂಡಿಯ ಹಿಂದೆ, ತೊಡೆಸಂದು, ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡ ನೋಡಿ. ಎಳೆಯ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಬೆರಳಾಡಿಸಿದರೆ ಸಿಕ್ಕೀತು. ಕಚ್ಚಿಕೊಂಡಿದ್ದರೆ ಸಣ್ಣ ಮೂತಿಯ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ, ಸುಣ್ಣದ ಪ್ರಯೋಗ ಬೇಡ. ಲೈಮ್ ರೋಗಾಣು ದಾಟಲು ಉಣುಗು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿರಬೇಕು, ಆದ್ದರಿಂದ ಅದೇ ರಾತ್ರಿ ತೆಗೆದರೆ ಹೆಚ್ಚಿನ ಅಪಾಯವಿಲ್ಲ. ಕಿತ್ತ ದಿನಾಂಕ ಬರೆದಿಡಿ.

ಮುಂದಿನ ಒಂದು ತಿಂಗಳೊಳಗೆ ಚರ್ಮದ ಮೇಲೆ ಅಗಲವಾಗುತ್ತ ಹೋಗುವ ಕೆಂಪು ಮಚ್ಚೆ, ಜ್ವರ, ಕೀಲುನೋವು ಬಂದರೆ ವೈದ್ಯರನ್ನು ಕಾಣಿ. ಅಷ್ಟರಲ್ಲಿ ಅಪ್ಪ ಅಮ್ಮ ಊರಿಗೆ ಮರಳಿದ್ದರೆ, ಅಲ್ಲಿನ ವೈದ್ಯರಿಗೆ "ಅಮೆರಿಕದ ಪೂರ್ವ ತೀರದಲ್ಲಿದ್ದಾಗ ಉಣುಗು ಕಚ್ಚಿತ್ತು" ಎಂದು ಅವರು ತಾವಾಗಿಯೇ ಹೇಳಬೇಕು. ಶಿವಮೊಗ್ಗದಲ್ಲೋ ಮೈಸೂರಿನಲ್ಲೋ ಜ್ವರ ಎಂದೊಡನೆ ಡೆಂಗಿ, ಟೈಫಾಯಿಡ್ ಪರೀಕ್ಷೆ ಮಾಡಿಸುತ್ತಾರೆ. ಹೇಳದಿದ್ದರೆ ಲೈಮ್ ಯಾರಿಗೂ ಹೊಳೆಯುವುದಿಲ್ಲ.